ಇಂಗ್ಲಿಷ್ ವಾಕ್ಯದಲ್ಲಿ ಪದವಿಪರ್ಯಯ: ಒಂದು ಚಾರಿತ್ರಿಕ ವಿವೇಚನೆ

ಇಂಗ್ಲಿಷ್ ವಾಕ್ಯದಲ್ಲಿ ಕರ್ತೃಪದ ಮೊದಲು, ಕ್ರಿಯಾಪದ ಅನಂತರ, ಕರ್ಮಪದ ಅದರ ತರುವಾಯ ಎಂಬುದು ನಮ್ಮ ವಿದ್ಯಾರ್ಥಿಗಳು ಕಲಿಯುವ ಮೊದಲ ನಿಯಮ. ಕ್ರಿಯಾಪದವು ಕರ್ತೃವನ್ನು ಹಿಂದೆ ಹಾಕಿ ಮುಂದೆ ನಿಲ್ಲುವ ವಾಕ್ಯಗಳನ್ನು ಅವರು ಅಪವಾದಗಳೆಂದು ಆಮೇಲೆ ಕಲಿಯುತ್ತಾರೆ. ಪ್ರಶ್ನಾರ್ಥಕ ವಾಕ್ಯಗಳು, ‘ನೆವರ್’, ‘ಸೆಲ್ಡಮ್’ ಮುಂತಾದ ನಿಷೇಧಸೂಚಕ ಪದಗಳಿಂದ ಮೊದಲಾಗುವ ವಾಕ್ಯಗಳು, ‘ಹಿಯರ್’ ಎಂಬಂಥ ಸ್ಥಳವಾಚಕಗಳಿಂದ ಮೊದಲಾಗುವ ಕೆಲವು ವಾಕ್ಯಗಳು, ‘ಇಫ್’ ಇಲ್ಲದ ಷರತ್ತಿನ ವಾಕ್ಯಗಳು ಈ ವರ್ಗಕ್ಕೆ ಸೇರಿದವು. ಇವುಗಳಿಗೆ ಪದವಿಪರ್ಯಯವೆಂದು ಹೆಸರು. ಆದರೆ ಕಾಲಾನುಕ್ರಮದಲ್ಲಿ ಪರಿಶೀಲಿಸಿದರೆ ಇಲ್ಲಿ ಅಪವಾದವೇ ಹಳೆಯದು, ನಿಯಮದ ಕಟ್ಟುನಿಟ್ಟೇ ಈಚಿನದು ಎಂಬುದು ಕಂಡುಬರುತ್ತದೆ. ಈ ಸಂಗತಿಯನ್ನೂ, ಚರಿತ್ರೆಯ ವ್ಯಾಸಂಗಕ್ಕೆ ಅದರಿಂದ ಆಗುವ ಪ್ರಯೋಜನವನ್ನೂ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕ್ರಿ. ಶ. 5ನೆಯ ಶತಮಾನದಲ್ಲಿ ಬ್ರಿಟನ್ನಿಗೆ ಬಂದು ನೆಲೆಸಿದ ಆಂಗಲ್, ಸ್ಯಾಕ್ಸನ್ ಮೊದಲಾದ ಜರ್ಮಾನಿಕ್ ಜನರ ನುಡಿಯೇ ಹಳೆಯ ಇಂಗ್ಲಿಷಿನ ಮೂಲ. ಅದು ಕನ್ನಡದಂತೆ ವಿಭಕ್ತಿಗಳನ್ನುಳ್ಳ ಭಾಷೆಯಾಗಿತ್ತು. ‘ಅರಸ’ ಎಂಬರ್ಥದ ‘ಕ್ಯುನಿಂಗ್’ ಪದದ ಮುಂದೆ ‘ಸೆ’ ಎಂಬ ನಿರ್ದೇಶಕವಿದ್ದರೆ ಅರಸನು ಕರ್ತೃ. ‘ಥೊನೆ’ ಇದ್ದರೆ ಅವನು ಕರ್ಮ. ‘ಅರಸನು ಹುಲಿಯನ್ನು ಕಂಡನು’ ಎಂದರೂ ‘ಹುಲಿಯನ್ನು ಕಂಡನು ಅರಸನು’ ಎಂದರೂ ನಮ್ಮಲ್ಲಿ ಅರ್ಥ ಕೆಡದಿರುವುದು ಹೇಗೋ, ಅಲ್ಲಿಯೂ ಹಾಗೆಯೇ. ಆದುದರಿಂದ ಪದಗಳ ಸ್ಥಾನವನ್ನು ಬೇರೆ ಪ್ರಯೋಜನಗಳಿಗೆ ಬಳಸಿಕೊಳ್ಳಲು ಅವಕಾಶವಿತ್ತು. ಆಲ್‌ಫ್ರೆಡ್ ದೊರೆಯ ಆಳ್ವಿಕೆಯಲ್ಲಿ, ಎಂದರೆ 9ನೆಯ ಶತಮಾನದ ಕೊನೆಯ ಭಾಗದಲ್ಲಿ, ಸಂಕಲನಗೊಳ್ಳತೊಡಗಿದ ಆಂಗ್ಲೋ-ಸ್ಯಾಕ್ಸನ್ ವೃತ್ತಾಂತದಲ್ಲಿ ‘ಆಗ’ ಎಂಬರ್ಥದ ‘ಥಾ’ ಶಬ್ದದಿಂದ ವಾಕ್ಯವು ಮೊದಲಾದಾಗ ಕ್ರಿಯಾಪದವು ಒಡನೆಯೇ ಬಂದು, ಕರ್ತೃವು ಅದರ ಹಿಂದೆ ನಿಲ್ಲುವುದು ಸಾಮಾನ್ಯ. ಅಂದಿನ ಲಿಪಿಕಾರನಿಗೆ ಇದು ವಿಪರ್ಯಯವಲ್ಲ. ಕಥನದ ಸಹಜ ಕ್ರಮ. ಇಂದಿನ ಜರ್ಮನ್, ಡಚ್ ಭಾಷೆಗಳಲ್ಲಿ ಕ್ರಿಯಾಪದವನ್ನು ಎರಡನೆಯ ಸ್ಥಾನದಲ್ಲಿರಿಸುವ ಪದ್ಧತಿಯು ಈಗಲೂ ಉಳಿದಿದೆ.

ಈ ವ್ಯವಸ್ಥೆ ಶಿಥಿಲವಾದುದು ಏಕೆ? 1066ರ ನಾರ್ಮನ್ ವಿಜಯವೇ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ಈ ಉತ್ತರಕ್ಕೆ ಎರಡು ಆಕ್ಷೇಪಗಳುಂಟು. ಮೊದಲನೆಯದಾಗಿ, ವಿಭಕ್ತಿಪ್ರತ್ಯಯಗಳ ಸವಕಳಿಯು ವಿಜಯಕ್ಕೆ ಮುಂಚೆಯೇ, ವಿಶೇಷವಾಗಿ ಡೇನರು ನೆಲೆಸಿದ್ದ ಉತ್ತರ ಪ್ರಾಂತಗಳಲ್ಲಿ, ಆರಂಭವಾಗಿತ್ತು. 10ನೆಯ ಶತಮಾನದಲ್ಲಿ ಲಿಂಡಿಸ್‌ಫಾರ್ನ್ ಸುವಾರ್ತೆಗಳ ಸಾಲುಗಳ ನಡುವೆ ಬರೆದ ಇಂಗ್ಲಿಷ್ ಅರ್ಥವೇ ಅದಕ್ಕೆ ಸಾಕ್ಷಿ. ಎರಡನೆಯದಾಗಿ, ವಿಜೇತರು ತಂದ ಹಳೆಯ ಫ್ರೆಂಚಿನಲ್ಲಿಯೂ ಕ್ರಿಯಾಪದವು ಎರಡನೆಯ ಸ್ಥಾನಕ್ಕೆ ಬರುವ ಪ್ರವೃತ್ತಿ ಇದ್ದಿತು; ಅದರ ಅನುಕರಣದಿಂದ ಇಂಗ್ಲಿಷು ಆ ಕ್ರಮವನ್ನು ಬಿಟ್ಟಿತೆನ್ನುವುದು ಯುಕ್ತವಾಗಲಾರದು. ಆಸ್ಥಾನದ ಮತ್ತು ಪಂಡಿತರ ಬರವಣಿಗೆ ಬಹುಮಟ್ಟಿಗೆ ಲ್ಯಾಟಿನ್, ಫ್ರೆಂಚ್‌ಗಳಿಗೆ ಹೋದುದರಿಂದ ಹಳೆಯ ಬರಹದ ಶಿಷ್ಟರೂಪವು ಆಶ್ರಯ ತಪ್ಪಿತು. ಆಡುಮಾತಿನಲ್ಲಿ ಮೊದಲೇ ನಡೆಯುತ್ತಿದ್ದ ಬದಲಾವಣೆ ಬರಹದಲ್ಲಿ ಬಯಲಾಯಿತು. ನ್ಯಾಯಾಲಯಗಳಲ್ಲಿ ಇಂಗ್ಲಿಷಿನಲ್ಲಿ ವಾದಿಸಬೇಕೆಂದು 1362ರಲ್ಲಿ ಶಾಸನವಾಗುವ ವೇಳೆಗೆ ಹಳೆಯ ವಿಭಕ್ತಿಗಳಲ್ಲಿ ಬಹುಪಾಲು ಅಳಿದುಹೋಗಿದ್ದುವು. ಪ್ರತ್ಯಯವು ಮಾಡುತ್ತಿದ್ದ ಕೆಲಸ ಸ್ಥಾನದ ಪಾಲಿಗೆ ಬಂದಿತು.

ಆದರೂ ಪ್ರಶ್ನೆಯಲ್ಲಿ ವಿಪರ್ಯಯ ಉಳಿಯಿತು. ‘ನೋ ಯು ದಿಸ್ ಮ್ಯಾನ್?’ ಎಂದು ಮುಖ್ಯ ಕ್ರಿಯಾಪದವನ್ನೇ ಮುಂದಿಡುವ ರೂಪವೂ, ‘ಡು ಯು ನೋ ದಿಸ್ ಮ್ಯಾನ್?’ ಎಂಬ ರೂಪವೂ 16ನೆಯ ಶತಮಾನದಲ್ಲಿ ಜೊತೆಜೊತೆಯಾಗಿ ನಡೆದುವು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಇವೆರಡೂ ದೊರೆಯುತ್ತವೆ. ಸ್ವೀಡನ್ನಿನ ವಿದ್ವಾಂಸ ಎಲ್ಲೆಗೋರ್ಡ್ 1953ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಪ್ರಯೋಗಗಳನ್ನು ಎಣಿಸಿ ‘ಡು’ವಿನ ಏಳಿಗೆಯನ್ನು ನಿರೂಪಿಸಿದನು. ಈ ಸಹಾಯಕ್ರಿಯೆಯಿಂದಾದ ಅನುಕೂಲ ಸ್ಪಷ್ಟವಾಗಿದೆ: ಪ್ರಶ್ನೆಯ ಗುರುತಾಗಿ ‘ಡು’ ಮುಂದೆ ನಿಂತರೆ, ಕರ್ತೃ, ಮುಖ್ಯ ಕ್ರಿಯೆ, ಕರ್ಮ ಇವು ತಮ್ಮ ಹೊಸ ಕ್ರಮವನ್ನು ಬಿಡಬೇಕಾಗಿಲ್ಲ. 1795ರಲ್ಲಿ ಯಾರ್ಕಿನಲ್ಲಿ ವ್ಯಾಕರಣವನ್ನು ಪ್ರಕಟಿಸಿದ ಲಿಂಡ್ಲಿ ಮರೆಯಂಥವರ ಕೈಗೆ ಬರುವ ವೇಳೆಗೆ ಹಳೆಯ ಪದ್ಧತಿಯ ಅವಶೇಷಗಳು ನಿಯಮಕ್ಕೆ ಅಪವಾದಗಳಾಗಿ ಕಾಣುವಂತಾಗಿದ್ದುವು.

ಇದು ಕೇವಲ ವ್ಯಾಕರಣದ ವಿಷಯ, ನಮಗೇಕೆ ಎಂದು ಚರಿತ್ರೆಯ ವಿದ್ಯಾರ್ಥಿ ಕೇಳಬಹುದು. ಮೈಸೂರಿನ ಚರಿತ್ರೆಗೆ ಆಧಾರವಾದ ಈಸ್ಟ್ ಇಂಡಿಯಾ ಕಂಪನಿಯ ಪತ್ರಗಳನ್ನೂ, 1807ರಲ್ಲಿ ಪ್ರಕಟವಾದ ಬುಕಾನನ್ನನ ಪ್ರವಾಸಕಥನವನ್ನೂ, 1810ರಿಂದ 1817ರವರೆಗೆ ಹೊರಬಂದ ವಿಲ್ಕ್ಸನ ಇತಿಹಾಸವನ್ನೂ ಓದತಕ್ಕವರು ಆ ಕಾಲದ ವಾಕ್ಯರಚನೆಯನ್ನು ಅರಿತಿರಬೇಕು. ‘ಹ್ಯಾಡ್ ದಿ ರಾಜಾ ಪೇಡ್ ದಿ ಮನಿ, ದಿ ಆರ್ಮಿ ವುಡ್ ಹ್ಯಾವ್ ಮಾರ್ಚ್‌ಡ್’ ಎಂಬ ಮಾದರಿಯ ವಾಕ್ಯವನ್ನು ತೆಗೆದುಕೊಳ್ಳೋಣ. ರಾಜನು ಹಣ ಕೊಟ್ಟಿದ್ದರೆ ಸೈನ್ಯ ಹೊರಡುತ್ತಿತ್ತು. ಎಂದರೆ ಆತ ಕೊಡಲಿಲ್ಲ, ಸೈನ್ಯವೂ ಹೊರಡಲಿಲ್ಲ. ಕನ್ನಡದಲ್ಲಿ ಷರತ್ತಿನ ಗುರುತು ‘ಕೊಟ್ಟಿದ್ದರೆ’ ಎಂಬ ಕ್ರಿಯಾರೂಪದ ಕೊನೆಯಲ್ಲಿದೆ; ಇಂಗ್ಲಿಷಿನಲ್ಲಿ ಅದು ‘ಹ್ಯಾಡ್’ ನಿಂತ ಸ್ಥಾನದಲ್ಲಿದೆ. ಆ ಸ್ಥಾನವನ್ನು ಲಕ್ಷಿಸದವನು ರಾಜನು ಹಣ ಕೊಟ್ಟನೆಂದು ಟಿಪ್ಪಣಿ ಬರೆದುಕೊಳ್ಳುತ್ತಾನೆ. ನಡೆಯದ ಘಟನೆ ಚರಿತ್ರೆಯೊಳಕ್ಕೆ ಸೇರುತ್ತದೆ. ಹಾಗೆಯೇ ‘ನಾಟ್ ಅಂಟಿಲ್ ದಿ ಫೋರ್ಟ್ ಫೆಲ್ ಡಿಡ್ ದಿ ಎನ್ವಾಯ್ ಅರೈವ್’ ಎಂಬಲ್ಲಿ ಮೊದಲಿನ ‘ನಾಟ್’ ಅನ್ನು ನೋಡಿ ರಾಯಭಾರಿ ಬರಲೇ ಇಲ್ಲವೆಂದು ತಿಳಿಯಬಾರದು. ಅವನು ಬಂದನು, ಆದರೆ ಕೋಟೆ ಬಿದ್ದ ಮೇಲೆ ಬಂದನು. ಒಂದು ಸಂಧಾನ ವಿಫಲವಾದುದರ ಹೊಣೆ ಯಾರದೆಂಬ ನಿರ್ಣಯವೇ ಇಂಥ ಒಂದು ವಾಕ್ಯದ ಮೇಲೆ ನಿಲ್ಲಬಹುದು.

ಆದಕಾರಣ ಮೂಲ ಪತ್ರಗಳನ್ನು ಅಭ್ಯಾಸ ಮಾಡಿಸುವ ತರಗತಿಗಳಲ್ಲಿ ವಾಕ್ಯಕ್ರಮದ ಚರಿತ್ರೆಗೂ ಸ್ವಲ್ಪ ಅವಕಾಶ ದೊರೆಯುವುದು ಉಚಿತ. ‘ವಿಪರ್ಯಯ’ ಎಂಬ ಹೆಸರೇ ಈಚಿನವರ ದೃಷ್ಟಿಯಿಂದ ಇಟ್ಟುದು. ಆಲ್‌ಫ್ರೆಡ್ಡನ ಕಾಲದವರಿಗೆ ಅದು ನೇರವಾದ ಮಾತಾಗಿತ್ತು. ಒಂದು ಕಾಲದ ನಡೆನುಡಿಗಳನ್ನು ಮತ್ತೊಂದು ಕಾಲದ ನಿಯಮದಿಂದ ಅಳೆಯಲಾಗದೆಂಬುದನ್ನು ರಾಜಚರಿತ್ರೆಯಂತೆ ವಾಕ್ಯಗಳ ಚರಿತ್ರೆಯೂ ತಿಳಿಸಿಕೊಡುತ್ತದೆ.