ವಯನಾಡಿನ ದಾರಿಗಳು: ವೃತ್ತಿಯ ಆಯ್ಕೆಯ ಒಂದು ಚರಿತ್ರೆ

ನೂರು ವರ್ಷಗಳಿಂದ ನಮ್ಮ ಶಾಲೆಯ ಹೊಸ್ತಿಲಿಗೆ ಮಕ್ಕಳ ಕೈಹಿಡಿದು ಬಂದ ತಂದೆತಾಯಿಗಳ ಮನಸ್ಸಿನಲ್ಲಿದ್ದ ಪ್ರಶ್ನೆ ಬಹುಮಟ್ಟಿಗೆ ಒಂದೇ: ಈ ಮಗು ಓದಿ ಮುಂದೆ ಏನಾದೀತು? ಇತ್ತೀಚೆಗೆ ಅದಕ್ಕೆ ಇನ್ನೊಂದು ಸೇರಿಕೊಂಡಿದೆ: ಕನ್ನಡದಲ್ಲಿ ಓದಿ ಏನಾದೀತು? ಉತ್ತರವನ್ನು ಉಪದೇಶದಲ್ಲಿ ಹುಡುಕುವುದಕ್ಕಿಂತ ನೆರೆಯ ನಾಡಿನ ಚರಿತ್ರೆಯಲ್ಲಿ ಹುಡುಕುವುದು ಮೇಲೆಂದು ನಮಗೆ ತೋರಿತು. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿದರೆ ಸುಲ್ತಾನ್ ಬತ್ತೇರಿ, ಅಲ್ಲಿಂದಾಚೆಗೆ ವಯನಾಡು.

ವಯನಾಡು ನಮಗೆ ಪರನಾಡಲ್ಲ. ಹೊಯ್ಸಳರ ಕಾಲದ ಕನ್ನಡ ಶಾಸನಗಳು ಈ ಸೀಮೆಯನ್ನು ಬಯಲ್ನಾಡು ಎಂದು ಕರೆದಿವೆ. ಬತ್ತೇರಿಯ ಜೈನ ಬಸದಿ, ಕರ್ನಾಟಕ ಮೂಲದ ಜೈನ ಮನೆತನಗಳು, ಕನ್ನಡಕ್ಕೆ ಬಹು ಸಮೀಪದ ನುಡಿಯನ್ನಾಡುವ ಕಾಟ್ಟುನಾಯ್ಕರು ಇಂದಿಗೂ ಆ ನಂಟಿನ ಸಾಕ್ಷಿಗಳಾಗಿ ಉಳಿದಿದ್ದಾರೆ.

19ನೆಯ ಶತಮಾನದ ಮಧ್ಯಭಾಗದಲ್ಲಿ ಆಂಗ್ಲ ತೋಟಗಾರರು ಇಲ್ಲಿ ಕಾಫಿ ಬೆಳೆಸಿದರು. ಮೈಸೂರು ಸೀಮೆಯ ಬಡ ಕುಟುಂಬಗಳು ಮೇಸ್ತ್ರಿಗಳಿಂದ ಮುಂಗಡ ಹಣ ಪಡೆದು ಆ ತೋಟಗಳಿಗೆ ಕೂಲಿಗೆ ಹೋದವು. ವೃತ್ತಿಯನ್ನು ಆಯ್ದುಕೊಳ್ಳುವ ಅವಕಾಶ ಅವರಿಗಿರಲಿಲ್ಲ. ಸಾಲ ಕರೆದೊಯ್ದ ಕಡೆ ಹೋಗಬೇಕಾಗಿತ್ತು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಬೇಗನೆ ದಕ್ಷಿಣ ಭಾರತದ ತೋಟಗಳಿಗೂ ಹಬ್ಬಿತು. ಕಾಫಿಯಿಂದ ನಷ್ಟಕ್ಕೊಳಗಾದ ಸೀಮೆಯಲ್ಲಿ ಆಗಲೇ ಚಿನ್ನದ ಸುದ್ದಿ ಹುಟ್ಟಿತು. 1880ರ ಸುಮಾರಿಗೆ ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ತಲೆಯೆತ್ತಿದವು. ಇಂದು ನೀಲಗಿರಿ ಜಿಲ್ಲೆಗೆ ಸೇರಿರುವ ದೇವಾಲ, ಪಂದಲೂರುಗಳಲ್ಲಿ ಬೆಟ್ಟ ಕೊರೆದರು, ಭಾರಿ ಯಂತ್ರಗಳನ್ನು ತಂದರು. ಕೆಲವೇ ವರ್ಷಗಳಲ್ಲಿ ಬಹುತೇಕ ಕಂಪನಿಗಳು ಮುಳುಗಿದವು. ಮುಂದೆ ಚಹಾ ಬಂದಿತು. 1940ರ ದಶಕದಿಂದೀಚೆಗೆ ತಿರುವಾಂಕೂರಿನಿಂದ ವಲಸೆ ಬಂದ ರೈತರು ಕಾಡು ಕಡಿದು ಮೆಣಸಿನ ಬಳ್ಳಿ ಹಬ್ಬಿಸಿದರು. 2000ದ ಆಸುಪಾಸಿನಲ್ಲಿ ಕಾಫಿ, ಮೆಣಸುಗಳ ಬೆಲೆ ಕುಸಿಯಿತು. ಬಳ್ಳಿಗಳಿಗೆ ಸೊರಗು ರೋಗ ತಗುಲಿತು. ಸಾಲದ ಹೊರೆ ತಾಳಲಾರದೆ ಅನೇಕ ರೈತರು ಪ್ರಾಣ ಕಳೆದುಕೊಂಡರು. ಉಳಿದವರಲ್ಲಿ ಕೆಲವರು ಶುಂಠಿ ಬೆಳೆಯಲು ಮೈಸೂರು, ಕೊಡಗುಗಳಲ್ಲಿ ಭೂಮಿಯನ್ನು ಗುತ್ತಿಗೆಗೆ ಹಿಡಿದರು.

ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ ತಪ್ಪು. ಇಂದಿನ ಬೆಲೆಯನ್ನು ನೋಡಿ ಜನರು ಗಿಡ ನೆಟ್ಟರು. ಆದರೆ ಕಾಫಿಯಾಗಲಿ ಮೆಣಸಾಗಲಿ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ಅಲ್ಲಿಯವರೆಗೆ ಬೆಲೆ ಕಾಯುವುದಿಲ್ಲ. ವಿದ್ಯೆಯೂ ಹಾಗೆಯೇ. ಹತ್ತನೆಯ ತರಗತಿ ಮುಗಿಸಿದ ಮಗು ವೃತ್ತಿಗೆ ತಲುಪಲು ಕೆಲವು ವರ್ಷಗಳಾದರೂ ಬೇಕು. ನೆರೆಮನೆಯ ಹುಡುಗನಿಗೆ ಇಂದು ದೊರೆತ ಸಂಬಳವನ್ನು ನೋಡಿ ನಮ್ಮ ಮಗುವಿನ ದಾರಿಯನ್ನು ನಿಶ್ಚಯಿಸುವುದು ಅದೇ ತಪ್ಪನ್ನು ಮತ್ತೆ ಮಾಡಿದಂತೆ.

ಹಾಗಾದರೆ ನಿಶ್ಚಯಿಸುವುದು ಹೇಗೆ? ಉತ್ತರವೂ ವಯನಾಡಿನಲ್ಲಿಯೇ ಇದೆ. ಮಾನಂತವಾಡಿ ಬಳಿಯ ಕಮ್ಮನದ ಚೆರುವಯಲ್ ರಾಮನ್ ಕುರಿಚ್ಯ ಸಮುದಾಯದ ರೈತರು. ಶಾಲೆ ಕಲಿತದ್ದು ಪ್ರಾಥಮಿಕ ಹಂತದವರೆಗೆ ಮಾತ್ರ. ಸುತ್ತಲಿನ ಗದ್ದೆಗಳಲ್ಲಿ ಬಾಳೆಯೂ ಅಡಕೆಯೂ ಏಳುತ್ತಿದ್ದಾಗ ಅವರು 50ಕ್ಕೂ ಹೆಚ್ಚು ನಾಟಿ ಭತ್ತದ ತಳಿಗಳನ್ನು ಬಿತ್ತಿ ಉಳಿಸಿದರು. 2023ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು. ಬೇಸಾಯವನ್ನು ವಿಧಿಯೆಂದು ಸಹಿಸದೆ ವಿದ್ಯೆಯೆಂದು ಸಾಧಿಸಿದುದೇ ಅವರ ಹಿರಿಮೆ.

ಕಲ್ಪೆಟ್ಟದ ಜೈನ ತೋಟಗಾರ ಮನೆತನದ ಎಂ.ಪಿ. ವೀರೇಂದ್ರಕುಮಾರ್ (1936–2020) ಮದರಾಸಿನಲ್ಲಿ ತತ್ವಶಾಸ್ತ್ರ ಓದಿ, ಅಮೆರಿಕದ ಸಿನ್ಸಿನಾಟಿಯಲ್ಲಿ ವ್ಯವಹಾರ ನಿರ್ವಹಣೆ ಕಲಿತರು. ರಾಜಕಾರಣ, ಪತ್ರಿಕೋದ್ಯಮ, ಸಾಹಿತ್ಯ ಮೂರರಲ್ಲಿಯೂ ಆ ಎರಡು ವಿದ್ಯೆಗಳು ಅವರ ಕೈಬಿಡಲಿಲ್ಲ. ಅವರಿಗೆ ಆಸ್ತಿಯ ಆಸರೆಯಿತ್ತೆಂಬುದು ನಿಜ.

ಯಾವ ಆಸರೆಯೂ ಇಲ್ಲದವರ ದಾರಿಯನ್ನು ತೋರಿದವರು ಪೊಳುತನದ ಶ್ರೀಧನ್ಯಾ ಸುರೇಶ್. ಇವರೂ ಕುರಿಚ್ಯರು, ತಂದೆತಾಯಿ ದಿನಗೂಲಿಯವರು. ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಪರಿಶಿಷ್ಟ ಪಂಗಡಗಳ ಇಲಾಖೆಯಲ್ಲಿ ಗುಮಾಸ್ತೆಯಾಗಿ, ವಿದ್ಯಾರ್ಥಿನಿಲಯದಲ್ಲಿ ಮೇಲ್ವಿಚಾರಕಿಯಾಗಿ ದುಡಿದರು. ಅಲ್ಲಿಗೆ ಬಂದ ಯುವ ಐ.ಎ.ಎಸ್. ಅಧಿಕಾರಿಯೊಬ್ಬರಿಗೆ ಜನ ತೋರಿದ ಆದರವನ್ನು ಕಂಡು ತಾನೂ ಹಾಗಾಗಬೇಕೆಂದು ನಿಶ್ಚಯಿಸಿದರು. ಐಚ್ಛಿಕ ವಿಷಯವಾಗಿ ಮಲಯಾಳ ಸಾಹಿತ್ಯವನ್ನು ಆಯ್ದುಕೊಂಡರು. ಸಂದರ್ಶನಕ್ಕೆ ದೆಹಲಿಗೆ ಹೋಗಲು ಹಣವಿಲ್ಲದಾಗ ಗೆಳೆಯರು ಕೂಡಿಸಿಕೊಟ್ಟರು. 2019ರಲ್ಲಿ ಫಲಿತಾಂಶ ಬಂದಾಗ ಅವರದು 410ನೆಯ ಸ್ಥಾನ. ಆ ಪರೀಕ್ಷೆಯಲ್ಲಿ ತೇರ್ಗಡೆಯಾದ ಕೇರಳದ ಮೊದಲ ಬುಡಕಟ್ಟು ಮಹಿಳೆ ಅವರು.

ಈ ಬದುಕಿನಲ್ಲಿ ಯೋಜನೆಯ ಎಲ್ಲ ಅಂಗಗಳೂ ಇವೆ: ಕಣ್ಣಾರೆ ಕಂಡ ಗುರಿ, ನಡುವೆ ಅನ್ನಕ್ಕೊಂದು ಕೆಲಸ, ತನಗೆ ಬಲವಿದ್ದ ವಿಷಯದ ಆಯ್ಕೆ, ಸೋತರೂ ಮರಳಿ ಕೂರುವ ತಾಳ್ಮೆ, ಜೊತೆಗೆ ಕೈಹಿಡಿಯುವ ಜನ. ಇವುಗಳಲ್ಲಿ ಕೊನೆಯದು ಮಗುವಿನ ಹೊಣೆಯಲ್ಲ, ನಮ್ಮದು.

ಕನ್ನಡದ ಪ್ರಶ್ನೆಗೂ ಇಲ್ಲಿ ಉತ್ತರವಿದೆ. ಆಕೆಗೆ ಮಲಯಾಳ ಒದಗಿದಂತೆಯೇ ನಮ್ಮ ಮಕ್ಕಳಿಗೆ ಕನ್ನಡ ಒದಗಬಲ್ಲದು. ಅದೇ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ಆಯ್ದುಕೊಳ್ಳಬಹುದು. ಆದರೆ ಭಾಷೆಯೊಂದೇ ಸಾಕೆಂದು ಹೇಳಿದರೆ ನಾವು ಮಕ್ಕಳಿಗೆ ಮೋಸ ಮಾಡಿದಂತಾಗುತ್ತದೆ. ಕನ್ನಡದಲ್ಲಿ ಆಳವಾಗಿ ಕಲಿತ ಮಗುವಿಗೆ ಇಂಗ್ಲಿಷನ್ನೂ ಚೆನ್ನಾಗಿ ಕಲಿಸುವುದು, ಯಾವ ಕೋರ್ಸಿಗೆ ಎಷ್ಟು ವರ್ಷ, ಎಷ್ಟು ವೆಚ್ಚ, ಯಾವ ವಿದ್ಯಾರ್ಥಿವೇತನ ಎಂಬುದನ್ನು ಎಂಟನೆಯ ತರಗತಿಯಿಂದಲೇ ತಿಳಿಸುವುದು ಶಾಲೆಯ ಕರ್ತವ್ಯ. ವರ್ಷಕ್ಕೊಮ್ಮೆ ಬಂದು ತಮ್ಮ ವೃತ್ತಿಯ ಸುಖದುಃಖಗಳನ್ನು ಮಕ್ಕಳ ಮುಂದೆ ಮುಚ್ಚುಮರೆಯಿಲ್ಲದೆ ಹೇಳುವುದು ಹಳೆಯ ವಿದ್ಯಾರ್ಥಿಗಳ ಕರ್ತವ್ಯ. ಮಗುವಿನ ಒಲವನ್ನು ಕೇಳಿ ತಿಳಿಯುವುದು ತಂದೆತಾಯಿಗಳ ಕರ್ತವ್ಯ.

ಒಂದು ಕಾಲದಲ್ಲಿ ಮುಂಗಡ ಹಣಕ್ಕೆ ಕಟ್ಟುಬಿದ್ದು ನಮ್ಮ ಜನ ಆ ಘಟ್ಟ ಹತ್ತಿದರು. ಅವರ ಮರಿಮಕ್ಕಳು ತಾವೇ ಆಯ್ದ ದಾರಿಯಲ್ಲಿ ನಡೆಯುವಂತಾದರೆ ಈ ಶಾಲೆಯ ನೂರು ವರ್ಷ ಸಾರ್ಥಕವೆಂದು ನಾವು ನಂಬುತ್ತೇವೆ.