ಹೆಡತಲೆಯ ಕಲ್ಲು, ಮೇಷ್ಟ್ರ ಸೀಡಿ

ನಂಜನಗೂಡು ತಾಲ್ಲೂಕಿನ ಹೆಡತಲೆಗೆ ನಾನು ಹೋದದ್ದು ಶಾಸನ ನೋಡಲಿಕ್ಕೆ, ವಾಪಸ್ಸು ಬಂದದ್ದು ಒಂದು ಸೀಡಿ ಹಿಡಿದುಕೊಂಡು. ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯದಿಂದಾಗಿ ಆ ಊರು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತ. ಅಲ್ಲಿ ಸಿಕ್ಕ ನಿವೃತ್ತ ಮೇಷ್ಟ್ರೊಬ್ಬರು ಒಂದು ಕಾಲದಲ್ಲಿ ತಿ. ನರಸೀಪುರದ ಕಡೆಯ ಹಳ್ಳಿಗಳವರೆಗೂ ಸೈಕಲ್ಲಿನಲ್ಲಿ ತಿರುಗಿ, ಹೊಲದ ಬದುವಿನ ಕಲ್ಲುಗಳಲ್ಲಿದ್ದ ಅಕ್ಷರಗಳನ್ನು ನೋಟ್ ಪುಸ್ತಕಕ್ಕೆ ಇಳಿಸಿಕೊಂಡಿದ್ದರು. 2003ರಲ್ಲಿ ಪುಸ್ತಕ ತರುವ ಆಸೆಯಿಂದ ಡಿಟಿಪಿ ಮಾಡಿಸಿದರು. ಪುಸ್ತಕ ಬರಲಿಲ್ಲ. ನೋಟ್ ಪುಸ್ತಕಗಳಿಗೆ ಗೆದ್ದಲು ಹಿಡಿಯಿತು. ಅವರು ಓದಿದ್ದ ಕೆಲವು ಕಲ್ಲುಗಳು ಈಗ ಇದ್ದಲ್ಲಿ ಇಲ್ಲ.

“ಎಲ್ಲಾ ಇದರಲ್ಲೇ ಇದೆ ಕಣಮ್ಮ. ತೆಗೆಯೋಕೆ ಮಾತ್ರ ಯಾರ ಕೈಲೂ ಆಗ್ತಿಲ್ಲ” ಎಂದು ಸೀಡಿ ಕೊಟ್ಟರು.

ಸೀಡಿಯಲ್ಲಿ ಮೂರು ಬಗೆಯ ಕಡತಗಳಿದ್ದವು: ‘ಬರಹ’ ತಂತ್ರಾಂಶದವು, ಪೇಜ್‌ಮೇಕರ್‌ನವು, ವರ್ಡ್‌ನವು. ಮೊದಲೆರಡನ್ನು ಒತ್ತಿದರೆ, ಯಾವುದರಲ್ಲಿ ತೆರೆಯಲಿ ಎಂದು ಕಂಪ್ಯೂಟರು ನನ್ನನ್ನೇ ಕೇಳಿತು. ವಿಂಡೋಸ್ ಕಡತದ ಒಳಗನ್ನು ನೋಡಿ ಅದು ಯಾವುದೆಂದು ತೀರ್ಮಾನಿಸುವುದಿಲ್ಲ. ಹೆಸರಿನ ಕೊನೆಯಲ್ಲಿ ಚುಕ್ಕಿಯ ನಂತರ ಬರುವ ಮೂರ್ನಾಲ್ಕು ಅಕ್ಷರಗಳನ್ನು ನೋಡಿ, ಇಂಥ ಬಾಲಕ್ಕೆ ಇಂಥ ತಂತ್ರಾಂಶ ಎಂದು ತನ್ನಲ್ಲಿರುವ ಪಟ್ಟಿಯಂತೆ ನಡೆಯುತ್ತದೆ. ತಂತ್ರಾಂಶವೇ ಇಲ್ಲದಿದ್ದರೆ ಪಟ್ಟಿಯಲ್ಲಿ ಅದರ ಹೆಸರೂ ಇರುವುದಿಲ್ಲ. ಬಾಲವನ್ನು ಬದಲಿಸಿದರೆ ಕಡತ ತೆರೆದುಕೊಂಡೀತು ಎಂದು ಹಲವರು ಹಾಗೆ ಮಾಡುತ್ತಾರೆ. ಅದು ಮನೆಯ ಮುಂದಿನ ಹೆಸರಿನ ಫಲಕ ಬದಲಿಸಿದಂತೆ, ಒಳಗಿರುವವರು ಬದಲಾಗುವುದಿಲ್ಲ.

ಮೊದಲು ಸೀಡಿಯ ನಕಲು ಮಾಡಿಕೊಂಡು, ಮೂಲವನ್ನು ಎತ್ತಿಟ್ಟೆ. ‘ಬರಹ’ವನ್ನು ಹಾಕಿಕೊಂಡ ಮೇಲೆ ಅದರ ಕಡತಗಳು ತೆರೆದವು. ಪೇಜ್‌ಮೇಕರ್ ಕಡತಗಳನ್ನು ಓದುವ ಅನುಕೂಲ ಉಚಿತ ತಂತ್ರಾಂಶವಾದ ಲಿಬ್ರೆ ಆಫೀಸ್‌ಗೆ 2015ರಲ್ಲಿ ಬಂದಿದೆ. ಅವೂ ತೆರೆದವು. ವರ್ಡ್ ಕಡತವಂತೂ ಒಂದೇ ಏಟಿಗೆ ತೆರೆದಿತ್ತು. ಆದರೆ ಪುಟದ ತುಂಬ ಇದ್ದದ್ದು ಕನ್ನಡವಲ್ಲ, ತಲೆಯ ಮೇಲೆ ಗೀಟು, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಸಂತೆ.

ಇದಕ್ಕೆ ಕಾರಣ ಕನ್ನಡ ಗಣಕೀಕರಣದ ಚರಿತ್ರೆಯಲ್ಲಿದೆ. ಭಾರತೀಯ ಲಿಪಿಗಳಿಗಾಗಿ ‘ಇಸ್ಕಿ’ ಎಂಬ ಸಂಕೇತ ಪದ್ಧತಿ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದೇ ವರ್ಷ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೂ ಕನ್ನಡಕ್ಕೆ 128 ಮನೆಗಳು ಸಿಕ್ಕವು. ಆದರೆ ವಿಂಡೋಸ್ ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸತೊಡಗಿದ್ದು 2001ರ ಎಕ್ಸ್‌ಪಿ ಆವೃತ್ತಿಯಿಂದ, ‘ತುಂಗಾ’ ಫಾಂಟಿನೊಂದಿಗೆ. ಅಲ್ಲಿಯವರೆಗೆ ಅಚ್ಚಿನ ಕೆಲಸ ಕಾಯುವಂತಿರಲಿಲ್ಲ. ಶ್ರೀಲಿಪಿ, ‘ಬರಹ’ (1998), ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮುಂತಾದವು ರೋಮನ್ ಅಕ್ಷರಗಳ ಜಾಗದಲ್ಲೇ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿ ದಾರಿ ಮಾಡಿಕೊಟ್ಟವು. ಉದಾಹರಣೆಗೆ, ‘ನುಡಿ’ಯಲ್ಲಿ ದೊಡ್ಡ ‘ಪಿ’ ಇರಬೇಕಾದ ಜಾಗದಲ್ಲಿ ತಲೆಕಟ್ಟಿಲ್ಲದ ಕಕಾರವಿದೆ. ಓರೆಗೀಟಿನ ‘ಎ’ ಜಾಗದಲ್ಲಿ ತಲೆಕಟ್ಟು. ಎರಡೂ ಸೇರಿದರೆ ‘ಕ’. ಆ ಫಾಂಟು ಇದ್ದರೆ ಕಣ್ಣಿಗೆ ಕನ್ನಡ, ಇಲ್ಲದಿದ್ದರೆ ಗೋಜಲು. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಎಂದೂ ಕನ್ನಡವಾಗಿರಲೇ ಇಲ್ಲ.

ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತಂದೆ. ‘ಧರ್ಮ’ದಂಥ ಪದಗಳನ್ನು ವಿಶೇಷವಾಗಿ ಪರೀಕ್ಷಿಸಿದೆ: ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಮಕಾರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರೇಫ ಮೊದಲು ಬರಬೇಕು. ಅದು ಸರಿಯಾಗಿತ್ತು. ಆದರೆ ಒಂದು ಶಾಸನದ ಕೊನೆಯ ಶಾಪಾಶಯದಲ್ಲಿ ‘ಅಐದವನು’ ಎಂದು ಬಂದಿತ್ತು. ದಾನವನ್ನು ಕೆಡಿಸಿದವನು ಎಂಬ ಅರ್ಥದ ಪದ ಶಾಸನಗಳಲ್ಲಿ ಆ ಜಾಗದಲ್ಲಿ ಬರುವುದು ಗೊತ್ತಿದ್ದ ನಾನು ‘ಅಳಿದವನು’ ಎಂದು ತಿದ್ದಿ ಮುಂದೆ ಹೋದೆ.

ಮುದ್ರಿಸಿ ಒಯ್ದಾಗ ಮೇಷ್ಟ್ರ ಬೆರಳು ಅಲ್ಲೇ ನಿಂತಿತು. “ಇಲ್ಲಿ ಳ ಅಲ್ಲಮ್ಮ, ೞ. ಆ ಅಕ್ಷರ ಇಲ್ಲ ಅಂತ ಡಿಟಿಪಿಯವರು ಬೇರೆ ಫಾಂಟಿಂದ ತಂದು ಹಾಕಿದ್ರು.”

ಮೂಲ ಕಡತವನ್ನು ಮತ್ತೆ ತೆರೆದು ನೋಡಿದೆ. ಆ ಒಂದಕ್ಷರಕ್ಕೆ ನಿಜವಾಗಿಯೂ ಬೇರೆ ಫಾಂಟಿನ ಹೆಸರಿತ್ತು. ಪರಿವರ್ತಕ ಅದನ್ನೂ ‘ನುಡಿ’ ಎಂದೇ ಓದಿ ‘ಐ’ ಮಾಡಿತ್ತು. ಅದರ ತಪ್ಪು ಎದ್ದು ಕಾಣುತ್ತಿತ್ತು, ನನ್ನದು ಕಾಣುತ್ತಿರಲಿಲ್ಲ. ೞಕಾರ ಬಳಕೆ ತಪ್ಪುತ್ತಾ ಹೋಗಿ, 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅದು ಬರುವ ಪದಗಳನ್ನು ಪಟ್ಟಿ ಮಾಡಬೇಕಾಯಿತು. ತೇದಿಯಿಲ್ಲದ ಶಾಸನದ ಕಾಲ ಊಹಿಸಲು ೞ ಇದೆಯೇ, ಳ ಆಗಿದೆಯೇ ಎಂಬುದೂ ಒಂದು ಸಾಕ್ಷಿ. ಅರ್ಥ ಕೆಡದಂತೆ ನಾನು ಸಾಕ್ಷಿಯನ್ನು ಅೞಿದಿದ್ದೆ. ಯೂನಿಕೋಡ್ ಕೂಡ ಈ ಅಕ್ಷರದ ವಿಷಯದಲ್ಲಿ ಎಡವಿದೆ: ಅದಕ್ಕೆ ‘ಫ’ ಎಂದು ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿದ್ದಾರೆ.

ಬಿ.ಎಲ್. ರೈಸ್ 1894ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟದಲ್ಲಿ ನಂಜನಗೂಡು, ತಿ. ನರಸೀಪುರದ ಶಾಸನಗಳನ್ನು ಪ್ರಕಟಿಸಿದಾಗ ಕನ್ನಡ ಲಿಪಿಯ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ, ಮೂರನ್ನೂ ಕೊಟ್ಟರು. ಒಂದರಲ್ಲಿ ಸಂಶಯ ಬಂದರೆ ಇನ್ನೊಂದನ್ನು ನೋಡಬಹುದು. ನೂರಮೂವತ್ತು ವರ್ಷ ಹಿಂದಿನ ಆ ಪುಸ್ತಕ ತೆರೆಯಲು ಕೈ, ಕಣ್ಣು ಸಾಕು. ಇಪ್ಪತ್ತು ವರ್ಷ ಹಿಂದಿನ ಸೀಡಿಗೆ ತಂತ್ರಾಂಶ ಬೇಕು, ಫಾಂಟು ಬೇಕು, ಅದನ್ನು ಮಾಡಿಸಿದವರ ನೆನಪೂ ಬೇಕು. ಮೊದಲ ಎರಡನ್ನು ಹುಡುಕಿ ತರಬಹುದು.

ಮೇಷ್ಟ್ರ ಬರವಣಿಗೆ ಈಗ ಮೂರು ರೂಪದಲ್ಲಿದೆ: ಮುಟ್ಟದೆ ಇಟ್ಟ ಮೂಲ ಕಡತ, ಹಳೆಯ ಫಾಂಟಿನಲ್ಲಿ ಕಂಡಂತೆಯೇ ತೆಗೆದ ಪಿಡಿಎಫ್, ಯೂನಿಕೋಡ್ ಪಾಠ. ಜೊತೆಗೆ ಯಾವ ಫಾಂಟು, ಯಾವ ತಂತ್ರಾಂಶ, ನಾನು ತಿದ್ದಿದ್ದು ಎಲ್ಲೆಲ್ಲಿ ಎಂದು ಬರೆದ ಒಂದು ಹಾಳೆ. ಇನ್ನೂ ನಲವತ್ತು ಪುಟ ಉಳಿದಿವೆ. ಭಾನುವಾರಗಳಂದು ಹೆಡತಲೆಗೆ ಹೋಗುತ್ತೇನೆ. ನಾನು ಓದುತ್ತೇನೆ, ಅವರು ಕಣ್ಣುಮುಚ್ಚಿ ಕೇಳುತ್ತಾ ಆಗಾಗ “ತಡಿ ತಡಿ” ಎನ್ನುತ್ತಾರೆ.