ಅತ್ತಿಮಬ್ಬೆಯ ಹೆಸರು ಮತ್ತು ನಮ್ಮ ಗುರುತಿನ ಚೀಟಿಗಳು

ಮದುವೆಯಾದ ಹೆಣ್ಣು ಗಂಡನ ಹೆಸರನ್ನೋ ಅವನ ಮನೆತನದ ಅಡ್ಡಹೆಸರನ್ನೋ ತನ್ನ ಹೆಸರಿಗೆ ಸೇರಿಸಿಕೊಳ್ಳುವುದು ನಮ್ಮ ಪುರಾತನ ಸಂಪ್ರದಾಯವೆಂಬ ನಂಬಿಕೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಕನ್ನಡ ಶಾಸನಗಳನ್ನು ಓದಿದವರು ಈ ಮಾತನ್ನು ಸುಲಭವಾಗಿ ಒಪ್ಪಲಾರರು.

ಲಕ್ಕುಂಡಿಯ ಬ್ರಹ್ಮಜಿನಾಲಯದ ಕ್ರಿ.ಶ. 1007ರ ಶಾಸನದ ನಾಯಕಿ ಅತ್ತಿಮಬ್ಬೆ. ಈಕೆ ಮಲ್ಲಪಯ್ಯನ ಮಗಳು, ನಾಗದೇವನ ಪತ್ನಿ, ಅಣ್ಣಿಗದೇವನ ತಾಯಿ. ತವರಿನಲ್ಲಿ, ಪತಿಗೃಹದಲ್ಲಿ, ದೀರ್ಘ ವೈಧವ್ಯದಲ್ಲಿ ಅವಳು ಅತ್ತಿಮಬ್ಬೆಯೇ. ರನ್ನನು 993ರಲ್ಲಿ ಮುಗಿಸಿದ ಅಜಿತಪುರಾಣದ ಅತ್ತಿಮಬ್ಬೆಯೂ ಹದಿನಾಲ್ಕು ವರ್ಷಗಳ ಅನಂತರದ ಶಾಸನದ ಅತ್ತಿಮಬ್ಬೆಯೂ ಒಬ್ಬಳೇ ಎಂದು ಸಾಧಿಸಲು ಸಂಶೋಧಕನಿಗೆ ನೋಟರಿಯ ಅಫಿಡವಿಟ್ ಬೇಕಾಗಿಲ್ಲ.

ಇದಕ್ಕಿಂತಲೂ ಗಮನಾರ್ಹವಾದುದು ಜಕ್ಕಿಯಬ್ಬೆಯ ಪ್ರಸಂಗ. ರಾಷ್ಟ್ರಕೂಟರ ಕಾಲದಲ್ಲಿ ನಾಗರಖಂಡ 70ರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡಾಗ ಆ ಅಧಿಕಾರ ಅವನ ಪತ್ನಿಯಾದ ಈಕೆಗೆ ಬಂದಿತು. ಪತಿಯ ಪದವಿ ಪತ್ನಿಗೆ ಬಂದರೂ ಪತಿಯ ಹೆಸರು ಅವಳ ಹೆಸರಿನೊಳಗೆ ನುಸುಳಲಿಲ್ಲ. ಶ್ರವಣಬೆಳಗೊಳದಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಶಾಂತಲದೇವಿಯ ವಿಷಯದಲ್ಲಂತೂ ತಂದೆ ಮಾರಸಿಂಗಯ್ಯ, ತಾಯಿ ಮಾಚಿಕಬ್ಬೆ, ಪತಿ ವಿಷ್ಣುವರ್ಧನ ಮೂವರೂ ಶಾಸನಸ್ಥರಾಗಿದ್ದಾರೆ. ಸಂಬಂಧಗಳು ಹೆಸರಿನ ಪಕ್ಕದಲ್ಲಿ ನಿಂತಿವೆ, ಹೆಸರನ್ನು ಮುಟ್ಟಿಲ್ಲ.

ಇದರಿಂದ ಆ ಕಾಲದ ಹೆಣ್ಣು ಸ್ವತಂತ್ರಳಾಗಿದ್ದಳೆಂದು ನಾನು ವಾದಿಸುತ್ತಿಲ್ಲ. ಅತ್ತಿಮಬ್ಬೆಯ ತಂಗಿ ಗುಂಡಮಬ್ಬೆ ಅದೇ ನಾಗದೇವನ ಪತ್ನಿಯಾಗಿ ಅವನೊಡನೆ ಚಿತೆಯೇರಿದಳು. ಹೆಸರು ಉಳಿಯಿತು, ಜೀವ ಉಳಿಯಲಿಲ್ಲ. ನನ್ನ ಪ್ರಶ್ನೆ ಬರಿಯ ಗುರುತಿನದು.

ಇತ್ತೀಚಿನ ಶತಮಾನಗಳ ರೂಢಿ ಬೇರೆ. ಬೆಳಗಾವಿ, ಧಾರವಾಡಗಳ ಕಡೆ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವಿದೆ. ಮದುವೆಯೊಡನೆ ಕಡೆಯ ಎರಡೂ ಬದಲಾಗುತ್ತವೆ. ಕೆಲವು ಮನೆತನಗಳಲ್ಲಿ ತಟ್ಟೆಯ ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿ ಮೊದಲನೆಯದನ್ನೂ ಬದಲಿಸುತ್ತಿದ್ದರು. ಹಳೆಯ ಮೈಸೂರಿನವರದು ಇನಿಷಿಯಲ್ಲಿನ ವ್ಯವಹಾರ, ಅಲ್ಲಿ ಒಂದೆರಡು ಅಕ್ಷರ ಬದಲಾದರೆ ಮುಗಿಯಿತು. ವ್ಯವಹಾರವೆಲ್ಲ ಮನೆಯೊಳಗೇ ಇದ್ದಷ್ಟು ದಿನ ಇದರಿಂದ ಯಾರಿಗೂ ತೊಡಕಾಗಲಿಲ್ಲ. ಹೆಣ್ಣುಮಕ್ಕಳು ಶಾಲೆ ಕಲಿತು, ಸಂಬಳ ಪಡೆದು, ಆಸ್ತಿಗೆ ಹಕ್ಕುದಾರರಾದ ಮೇಲೆ ತೊಡಕು ಹುಟ್ಟಿತು.

ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ತವರಿನ ಹೆಸರು. ಮದುವೆಯ ಬಳಿಕ ಮಾಡಿಸಿದ ಪಡಿತರ ಚೀಟಿ, ಆಧಾರ್‌ಗಳಲ್ಲಿ ಗಂಡನ ಮನೆಯ ಹೆಸರು. ಪ್ಯಾನ್ ಅರ್ಜಿಯಲ್ಲಿ ವಿವಾಹಿತೆಯೂ ತಂದೆಯ ಹೆಸರನ್ನೇ ಬರೆಯಬೇಕೆಂಬ ಸೂಚನೆ ಬಹುಕಾಲದಿಂದ ಇದ್ದಿತು. 2017ರಲ್ಲಿ ಆದಾಯ ತೆರಿಗೆ ಕಾಯ್ದೆಗೆ 139ಎಎ ಕಲಂ ಸೇರಿ ಪ್ಯಾನ್ ಮತ್ತು ಆಧಾರ್‌ಗಳ ಜೋಡಣೆ ಕಡ್ಡಾಯವಾದಾಗ, ಒಬ್ಬಳೇ ಹೆಂಗಸಿನ ಎರಡು ಹೆಸರುಗಳು ಎದುರುಬದುರಾದವು. ಆಧಾರ್‌ನಲ್ಲಿ ಹೆಸರು ತಿದ್ದಿಸಲು ಜೀವಮಾನದಲ್ಲಿ ಸಾಮಾನ್ಯವಾಗಿ ಎರಡೇ ಅವಕಾಶ. ಮದುವೆಗೆ ಒಂದು ಖರ್ಚಾದರೆ ಉಳಿಯುವುದು ಒಂದು.

ಅತ್ಯಂತ ಗಂಭೀರವಾದುದು ಜಮೀನಿನ ವಿಷಯ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ಆದರೆ ವಂಶವೃಕ್ಷದಲ್ಲಿರುವ ಮಗಳ ಹೆಸರು ಅವಳ ಕೈಯಲ್ಲಿರುವ ಆಧಾರ್‌ನಲ್ಲಿ ಇರದಿದ್ದರೆ, ಆ ಮಗಳು ತಾನೇ ಎಂದು ಮೊದಲು ರುಜುವಾತು ಮಾಡಬೇಕು. ಹೆಸರನ್ನೇ ಬದಲಿಸಿದ ಮನೆತನಗಳಲ್ಲಿ ಸಾಕ್ಷಿ ಹೇಳಬೇಕಾದವರು ಅಣ್ಣತಮ್ಮಂದಿರು. ಪಾಲು ಕೊಡಬೇಕಾದವರೂ ಅವರೇ. ದೇವಾಲಯದ ಅಂಗಳದಲ್ಲಿ ಮದುವೆಯಾಗಿ ನೋಂದಣಿಯ ಗೊಡವೆಗೆ ಹೋಗದ ಹಿರಿಯ ಹೆಂಗಸರಲ್ಲಿ ವಿವಾಹಪತ್ರವೂ ಇರುವುದಿಲ್ಲ. ಉಳಿಯುವುದು ಅಫಿಡವಿಟ್, ಪತ್ರಿಕಾ ಪ್ರಕಟಣೆ, ರಾಜ್ಯಪತ್ರ, ಮತ್ತು ಇವೆಲ್ಲದರ ಖರ್ಚು.

ಇಷ್ಟು ತಾಪತ್ರಯಕ್ಕೆ ಕಾರಣವಾದ ಹೆಸರು ಬದಲಾವಣೆಯನ್ನು ಕಾನೂನು ಕೇಳಿಯೇ ಇಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಾಗಲಿ, ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯ್ದೆಯಲ್ಲಾಗಲಿ ವಧು ಹೆಸರು ಬದಲಿಸಬೇಕೆಂಬ ವಿಧಿಯಿಲ್ಲ. ಪಾಸ್‌ಪೋರ್ಟ್ ಅರ್ಜಿ ಈ ವಿಷಯದಲ್ಲಿ ಶಾಸನಕವಿಗಳಿಗೆ ಹತ್ತಿರವಾಗಿದೆ. ಅದರಲ್ಲಿ ತಂದೆ, ತಾಯಿ, ಪತಿ ಮೂವರಿಗೂ ಬೇರೆಬೇರೆ ಜಾಗವಿದೆ. ವಿವಾಹಾನಂತರ ಮಹಿಳೆಯರು ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಬೇಕಾಗಿಲ್ಲವೆಂದು 2017ರಲ್ಲಿ ಪ್ರಧಾನಿಯವರೇ ಸಾರಿದರು.

ಆದರೂ ಒಮ್ಮೆ ಬದಲಿಸಿದವಳು ಹಿಂದಿರುಗುವ ದಾರಿ ಸುಗಮವಾಗಿಲ್ಲ. ವಿವಾಹಿತೆಯು ತವರಿನ ಅಡ್ಡಹೆಸರಿಗೆ ಮರಳಬೇಕಾದರೆ ವಿಚ್ಛೇದನದ ಆದೇಶವನ್ನಾಗಲಿ ಪತಿಯ ನಿರಾಕ್ಷೇಪಣಾ ಪತ್ರವನ್ನಾಗಲಿ ಒದಗಿಸಬೇಕೆಂಬ ಕೇಂದ್ರ ಸರ್ಕಾರದ ಪ್ರಕಟಣೆಯೊಂದನ್ನು ಪ್ರಶ್ನಿಸಿ ಮಹಿಳೆಯೊಬ್ಬರು 2024ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ತಂದೆತಾಯಿ ಇಟ್ಟ ಹೆಸರನ್ನು ಮರಳಿ ಪಡೆಯಲು ಗಂಡನ ಒಪ್ಪಿಗೆ ಪತ್ರ!